ಬಿಸಲ ಲೆಕ್ಕ

ಹನ್ನೊಂದು ವರ್ಷ ಆತು
ಈ ತಣ್ಣಗಿನ ಗೋಡಾನ್ದಾಗ ನಾ ಚೀಲ ಎಣಸಾಕ ಹತ್ತಿ.
ಬ್ಯಾಡಗಿ ಮೆಣಸಿನಕಾಯಿ,
ಕೆಂಪು ಕೆಡಬಾರದಂತ ಕತ್ತಲದಾಗ ಇಡ್ತಾರ,
ಜೋಡಿ ನನ್ನೂ.

ಬೆಳಕು ಹರಿಯೂದ್ರಾಗ ಒಳಗ,
ಹೊರಗ ಬರೂದು ಮೋಟೆಬೆನ್ನೂರ ರೋಡಿನ ದೀಪ ಹತ್ತಿದ ಮ್ಯಾಲೆ.
ಎರಡು ಸ್ವೆಟರ್, ತಲಿಗೆ ಟಾವೆಲ್ಲು.
ಬಾಯಿಂದ ಬರೂ ಹೊಗಿ ನೋಡಿ
ಹೊಸಾ ಹುಡುಗ ಮೌಲಾಲಿ ಕೇಳಿದ್ದ:
"ಅಕ್ಕಾ, ಬೀಡಿ ಸೇದ್ತೀಯೇನ?"

ಹ್ವಾದ ಶ್ರಾವಣದಾಗ ಸುರು ಆತು.
ಎಪ್ಪತ್ತೆರಡು, ಎಪ್ಪತ್ಮೂರು ಅಂತ ಎಣಸ್ತಿದ್ದೆ,
ಎಪ್ಪತ್ನಾಲ್ಕಕ್ಕ
ಎದಿ ಒಂದು ಮೆಟ್ಲ ಬಿಟ್ಟು ಇಳೀತು,
ಕತ್ತಲದಾಗ ಇಲ್ಲದ ಮೆಟ್ಲಿಗೆ ಕಾಲಿಟ್ಟಂಗ.
ಆಮ್ಯಾಲೆ ಜೋರ ಒಂದು ಗುದ್ದು,
ತಡಾ ಆಗಿ ಬಂದ ಹಮಾಲ
ಚೀಲ ಧಪ್ ಅಂತ ಒಗದಂಗ.

ಹಾವೇರಿ ದವಾಖಾನ್ಯಾಗ ತಂತಿ ಹಚ್ಚಿ
ಉದ್ದಾನ ಕಾಗದದ ಮ್ಯಾಲೆ ಗೀಚಿಸಿದರು:
ಗುಡ್ಡ, ಗುಡ್ಡ, ಗುಡ್ಡ,
ಅವಸರದ ಒಂದು ಗುಡ್ಡ, ಆಮ್ಯಾಲೆ ಬರೇ ಬಯಲು.
ರಕ್ತಾನೂ ತಗೊಂಡರು.
"ನೀಲಗಂಗವ್ವ, ನಿಮ್ಮ ಮೈಯಾಗ ಬಿಸಲ ಇಲ್ಲ" ಅಂದ್ರು ಡಾಕ್ಟರಮ್ಮ.
"ಡಿ ಅನ್ನೂ ವಿಟಮಿನ್ನು. ಅದಿಲ್ಲಂದ್ರ
ಸುಣ್ಣದ ಅಂಶ ಮೈಗೆ ಹತ್ತೂದಿಲ್ಲ.
ಎದಿ ಬಡಿಯಾಕೂ ಸುಣ್ಣ ಬೇಕು."

"ದಿನಾ ಎಲಿಗೆ ಹಚ್ಕೊಂಡು ತಿಂತೀನಲ್ರೀ?"
ನಕ್ಕರು. ಆಮ್ಯಾಲೆ ನಗು ಇಳಿಸಿ,
"ಇದರಿಂದನ ಎದಿ ತಪ್ಪಾಕ ಹತ್ತೈತಿ ಅಂತ
ಖಾತ್ರಿ ಹೇಳಾಕ ಬರೂದಿಲ್ಲ.
ಇರಬಹುದು. ನೋಡೂಣು."

ಆ "ಇರಬಹುದು" ನನಗ ಹಿಡಿಸ್ತು.
ನನ್ನ ರಜಿಸ್ಟರಿನ್ಯಾಗ ಅಂಥಾ ಕಾಲಂ ಇಲ್ಲ.

ವಾರಕ್ಕೊಂದು ಗುಳಿಗಿ. ಮತ್ತ
ಸಾಹುಕಾರಗ ಹೇಳಿ ಮಧ್ಯಾಹ್ನ ಅರ್ಧಾ ತಾಸು.
ಮಾಗಿ ಚಳಿ ಮುಗದೈತಿ,
ಕಣದ ತುಂಬ ಹೊಸಾ ಕಾಯಿ ಒಣಗಾಕ ಹತ್ತ್ಯಾವು.
ನಾನೂ ಬಾಜೂಕ ಕುಂತೆ,
ಸ್ವೆಟರ್ ಕಳದು, ತೋಳು ಬಿಟ್ಟು.
ಕಾಯಿ ಹೊಳ್ಳಿಸೂ ಹುಸೇನಬಿ
ಗ್ವಾರಿ ಎಳಕೋಂತ ಬಂದು ಹತ್ರ ನಿಂತ್ಲು:
"ನಿನ್ನೂ ಹೊಳ್ಳಿಸ್ಲೇನ? ಈ ಮಗ್ಗಲ ಒಣಗೇತಿ."

ಬೆನ್ನ ತಿರುವಿ ಕುಂತೆ.
ಮುಂಗೈ ಮ್ಯಾಲೆ ಎರಡು ಬಟ್ಟ ಇಟ್ಟು ಎಣಿಸಿದೆ.
ನಲವತ್ತರ ತನಕ ಎಲ್ಲಾ ಬರೋಬ್ಬರಿ.
ನಲವತ್ತೊಂದು
ಬರಲಿಲ್ಲ.
ಕಾದೆ.
ಅಷ್ಟರಾಗ ಘಾಟಿಗೆ ಒಂದು ಸೀನು ಬಂತು,
ಎಲ್ಲಿಗೆ ನಿಂದರ್ಸಿದ್ದೆ ಅನ್ನೂದ ಮರತು
ಮತ್ತ ಒಂದರಿಂದ ಹಿಡದೆ.