ವಿಷ್ಣುಕ್ರಾಂತಿ

ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ
ಟೈಲರ್ ಚಾಕಿನ ನೀಲಿ ಗೆರೆ: ನಾನು ಬಿದ್ದ ದಿನಗಳು.
ಮಾಘದಲ್ಲಿ ಒಂದು. ಫಾಲ್ಗುಣ ಖಾಲಿ.
ಚೈತ್ರಕ್ಕೆ ನಾಲ್ಕು,
ಅದರಲ್ಲೊಂದು ಹೊಲಿಗೆ ಮಿಷನ್ನಿನ ಮೇಲೇ.
ಯಾರದೋ ರವಿಕೆಯ ತೋಳಿಗೆ
ನನ್ನ ಹೆಬ್ಬೆರಳೂ ಸೇರಿ ಹೊಲಿದುಹೋಗಿತ್ತು.

ಮಾತ್ರೆ ತಪ್ಪಿಸಿರಲಿಲ್ಲ. ಒಂದೂ.
ಖಾಲಿ ಹಾಳೆಗಳನ್ನೆಲ್ಲ ಗುಂಡಿ ಡಬ್ಬಿಯಲ್ಲಿ
ಸಾಕ್ಷಿಗೆ ಇಟ್ಟಿದ್ದೆ.

ಎಚ್ಚರವಾದಾಗೆಲ್ಲ ಬಾಯಲ್ಲಿ ರಕ್ತದ ರುಚಿ,
ಮುಷ್ಟಿಯಲ್ಲಿ ಬೀಗದ ಕೈ,
ಎದುರಿಗೆ ನಮ್ಮತ್ತೆ ಸಣ್ಣತಾಯಮ್ಮ
ಸೆರಗಿನ ತುದಿ ಹಿಂಡುತ್ತಾ.
"ಯಾವ ಬೀಗ ತೆಗೀಬೇಕು ಇದ್ರಲ್ಲಿ?" ಅಂದೆ ಒಮ್ಮೆ.
ಅವರು ನಗಲಿಲ್ಲ.

ಹೊಳೆನರಸೀಪುರದಿಂದ ಬೆಳಗಿನ ಪ್ಯಾಸೆಂಜರು,
ಹಾಸನದ ದೊಡ್ಡಾಸ್ಪತ್ರೆ, ಟೋಕನ್ ಅರವತ್ತೆರಡು.
ಡಾಕ್ಟರಮ್ಮ ರಕ್ತದ ಚೀಟಿ ತಿರುಗಿಸಿ ತಿರುಗಿಸಿ ನೋಡಿದರು:
"ನುಂಗಿದ್ದರಲ್ಲಿ ಅರ್ಧವೂ ರಕ್ತದಲ್ಲಿಲ್ಲ.
ಬೇರೆ ಏನಾದರೂ ತಗೋತೀರಾ?"
"ಇಲ್ಲ" ಅಂದೆ, ಆಣೆ ಇಡುವ ಹಾಗೆ.

ಬೆನ್ನ ಹಿಂದೆ ಬುತ್ತಿಚೀಲದ ಜಿಪ್ಪು ಸದ್ದಾಯಿತು.
ಹಳೇ ಕೆಮ್ಮಿನೌಷಧಿಯ ಬಾಟಲು,
ಒಳಗೆ ಹಸಿರುಗಪ್ಪು ರಸ.
"ವಿಷ್ಣುಕ್ರಾಂತಿ. ಹೊಳೆದಂಡೇದು. ತಲೆಗೆ ತಂಪು.
ಪೂರಾ ಹೋಗ್ಲಿ ಅಂತ ಯುಗಾದಿಯಿಂದ
ಇವಳ ಗಂಜೀಲಿ ಬೆರೆಸ್ತಿದ್ದೆ. ಕೇಳಿದ್ರೆ ಬ್ಯಾಡ ಅಂತಾಳೆ."

ನನಗೆ ಗೊತ್ತಿತ್ತೇ? ನಾಲಿಗೆಗೆ ಗೊತ್ತಿತ್ತು.
ರಾಗಿಗೆ ಅಷ್ಟು ಒಗರು ಎಲ್ಲಿಂದ?
ಕೇಳಿರಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಮುಚ್ಚಳ ತೆಗೆದು ಮೂಸಿದರು.
ಕೇಸ್ ಶೀಟಿನ ಇಂಗ್ಲಿಷಿನ ನಡುವೆ
ಕನ್ನಡದಲ್ಲೇ ಬರೆದರು ಆ ಹೆಸರು, ನಿಧಾನವಾಗಿ,
ಒತ್ತಕ್ಷರ ತಪ್ಪದಂತೆ.
"ಸೊಪ್ಪು ಕೆಟ್ಟದ್ದಲ್ಲ ಅಜ್ಜಿ.
ಈ ಮಾತ್ರೆಗೂ ಅದಕ್ಕೂ ಒಂದೇ ಒಲೇಲಿ ಆಗಿಬರಲ್ಲ.
ಅದು ಒಳಗೆ ಬಂದರೆ ಇದು ಮನೆ ಬಿಡುತ್ತೆ."
ಅತ್ತೆ ನನ್ನ ಮುಖ ನೋಡಿದರು. ನಾನು ಅವರದ್ದು.
ನಗು ಬಂತು, ತಡೆದುಕೊಂಡೆವು,
ಅರವತ್ತಮೂರು ಆಗಲೇ ಬಾಗಿಲಲ್ಲಿತ್ತು.

ವಾಪಸು ಬರುವಾಗ ರೈಲಿನ ಕಿಟಕಿಯಾಚೆ
ಚೆಲ್ಲುತ್ತಾರೆ ಅಂದುಕೊಂಡೆ.
ಮಾವಿನಕೆರೆ ದಾಟಿದರೂ ಬಾಟಲು ಮಡಿಲಲ್ಲೇ ಇತ್ತು.
ಎಷ್ಟು ಮುಂಜಾನೆ ಬಗ್ಗಿ ಕಿತ್ತದ್ದೋ.

ಈಗಲೂ ದಂಡೆಗೆ ಹೋಗುತ್ತಾರೆ.
ಪುಟ್ಟ ನೀಲಿ ಹೂವೊಂದನ್ನು
ಮಿಷನ್ನಿನ ಮೇಲೆ, ದಾರದುಂಡೆಯ ಪಕ್ಕ ಇಟ್ಟು
"ನೋಡಕ್ಕೆ ಮಾತ್ರ" ಅನ್ನುತ್ತಾರೆ,
ನಾನು ಕೇಳದಿದ್ದರೂ.

ಆಷಾಢದಲ್ಲಿ ಒಂದು ಗೆರೆ ಬಿತ್ತು.
ಆ ರಾತ್ರಿ ಒಂದೇ ಬಟ್ಟಲಿನಿಂದ ಗಂಜಿ ಕುಡಿದೆವು,
ಮೊದಲ ಗುಟುಕು ಅವರದ್ದು.