ಮನೆಹೆಸರು

ಸೆಪ್ಟೆಂಬರಿನ ಎರಡನೆಯ ಶನಿವಾರ, ಕರ್ಕ್‌ವಾಲ್,
ಚರ್ಚಿನ ಹಿಂದಿನ ಹಾಲ್. ಕುರ್ಚಿ ಅರವತ್ತು.
ಟೀ ಪಾತ್ರೆಯ ನಲ್ಲಿ ತೊಟ್ಟಿಕ್ಕುತ್ತದೆ, ಕೆಳಗೊಂದು ಬಸಿ.
ಬಾಗಿಲಲ್ಲಿ ಹೆಸರುಚೀಟಿ ಹಂಚುವವಳು ನಾನು.
ಎಲ್ಲ ಚೀಟಿಯಲ್ಲೂ ಒಂದೇ ಮನೆಹೆಸರು, ಅಚ್ಚು ಹಾಕಿಸಿದ್ದು;
ಮೊದಲ ಹೆಸರಿಗಷ್ಟೇ ಶಾಯಿಯ ಖರ್ಚು.

ಸ್ಕೆಲ್‌ಬಿಸ್ಟರ್.
ಎರಡು ಎಲ್ ಇರುವವರು ಕಿಟಕಿಯ ಬದಿ ಕೂರುತ್ತಾರೆ,
ಯಾರೂ ಹೇಳಿದ್ದಲ್ಲ.
ಒಂದು ಎಲ್‌ನವರು ಅವರ ಕೇಕು ಮುಟ್ಟುವುದಿಲ್ಲ.
ಸಾವಿರದ ಎಂಟುನೂರ ಮೂವತ್ತೊಂದರ ಚಳಿಗೆ
ಒಬ್ಬ ಪಾದ್ರಿಯ ಬೆರಳು ಮರಗಟ್ಟಿ
ಅಕ್ಷರವೊಂದು ಕಮ್ಮಿ ಬಿತ್ತು. ಅಷ್ಟೇ ಜಗಳ.

ಇಪ್ಪತ್ತಾರು ವರ್ಷದಿಂದ ಕಾರ್ಯದರ್ಶಿ ನಾನು.
ಮದುವೆಯಾಗಿ ಬಂದವಳು; ವಂಶವೃಕ್ಷದಲ್ಲಿ
ನನ್ನದು ಚುಕ್ಕೆಗೆರೆ. ಎಳೆದವಳೂ ನಾನೇ,
ಅಡಿಪಟ್ಟಿ ಇಟ್ಟು, ಉಸಿರು ಬಿಗಿಹಿಡಿದು.
ರೊನಾಲ್ಡ್ ತೀರಿಕೊಂಡಾಗ ಅವನ ಎರಡನೆಯ ಇಸವಿಯನ್ನು
ಹತ್ತು ದಿನ ತುಂಬದೆ ಬಿಟ್ಟಿದ್ದೆ.
ಆಮೇಲೆ ಯಾರೋ ಫೋನು ಮಾಡಿ ತಪ್ಪು ತೋರಿಸಿದರು.

ಕಾಗದಗಳು ಬರುತ್ತವೆ ಡ್ಯುನೆಡಿನ್‌ನಿಂದ, ಮ್ಯಾನಿಟೋಬಾದಿಂದ:
ಇದು ನಮ್ಮಜ್ಜನ ಮೂಗು, ನಿಮ್ಮಲ್ಲಿ ಯಾರಿಗಾದರೂ ಇದೆಯೇ?
ಮೂಗುಗಳದ್ದೇ ಒಂದು ಕಡತವಿದೆ ನನ್ನ ಹತ್ತಿರ.
ಹೊಳೆಯ ಮೂಲ ಕೇಳಬಾರದು ಅನ್ನುತ್ತಾರೆ;
ನಮ್ಮ ದ್ವೀಪದಲ್ಲಿ ಹೊಳೆಯೆಂಬುದೇ ಇಲ್ಲ,
ಮೋರಿಯಗಲದ ತೊರೆ, ನಾಲ್ಕು ಹೆಜ್ಜೆಗೆ ಮೂಲ.
ಹಾಗಾಗಿ ಎಲ್ಲರೂ ಕೇಳುತ್ತಾರೆ.

ಕಳೆದ ನವೆಂಬರ್, ಮೂರೂವರೆಗೇ ಕತ್ತಲಾಗುವ ಕಾಲ,
ದಾಖಲೆಮನೆಯಲ್ಲಿ ಹಳೆಯ ಗೇಣಿಪುಸ್ತಕ ಸಿಕ್ಕಿತು.
ಬಿಸ್ಟರ್ ಅಂದರೆ ಹೊಲಮನೆ, ಅದು ಗೊತ್ತಿದ್ದದ್ದೇ.
ಗೊತ್ತಿಲ್ಲದ್ದು ಇದು:
ಅಲ್ಲಿಗೆ ಗೇಣಿಗೆ ಬಂದವನು ಬರುವಾಗ ಡ್ರೀವರ್,
ಸುಗ್ಗಿಯ ಹೊತ್ತಿಗೆ ಸ್ಕೆಲ್‌ಬಿಸ್ಟರ್.
ಅವನು ಬಿಟ್ಟ; ಮೀನು ಹಿಡಿಯುವ ಇರ್ವಿನ್ ಒಬ್ಬ ಒಳಬಂದ,
ಒಲೆ ಹೊತ್ತಿಸಿದ, ಅವನೂ ಸ್ಕೆಲ್‌ಬಿಸ್ಟರ್.
ಮೂರನೆಯವನಿಗೆ ಹಿಂದಿನ ಹೆಸರೇ ಇಲ್ಲ,
ಎಂಟು ಕೊಳಗ ಬಾರ್ಲಿ, ಎರಡು ಕೋಳಿ ಬಾಕಿ.
ರಕ್ತದ ಹನಿಯೊಂದು ಬೆರೆತಿಲ್ಲ ಮೂವರಲ್ಲಿ.
ಹೆಸರು ಮನುಷ್ಯರದ್ದಲ್ಲ, ಮನೆಯದು;
ಒಲೆಯ ಮುಂದೆ ಕೂತವರಿಗೆಲ್ಲ
ಹೊಗೆಯ ವಾಸನೆಯಂತೆ ಹತ್ತಿದ್ದು.

ಪುಸ್ತಕ ಮುಚ್ಚಿದೆ. ಬಸ್ಸು ತಪ್ಪಿತು.
ಅಧ್ಯಕ್ಷ ಎರ್ಲೆಂಡನಿಗೆ ಹೇಳಲಿಲ್ಲ. ಪಾಪ,
ಹದ್ದು, ಈಟಿ ಎಲ್ಲ ಇರುವ ಲಾಂಛನ ಮಾಡಿಸಿದ್ದಾನೆ
ಕೈಯಿಂದ ದುಡ್ಡು ಹಾಕಿ.

ಮೇ ತಿಂಗಳಲ್ಲಿ ವಿನಿಪೆಗ್‌ನ ಲೊರೇನ್ ಬಂದಳು.
ತುಪ್ಪಟದ ಕಂಪನಿಯ ದೋಣಿಗೆ ಹುಟ್ಟು ಹಾಕಲು ಹೋದವನ
ಮರಿಮೊಮ್ಮಗನ ಮಗಳು.
ಅವನು ಅಲ್ಲಿ ಬಾಳಿದ್ದು ಕ್ರೀ ಜನದವಳ ಜೊತೆ;
ಕಂಪನಿಯ ಲೆಕ್ಕದಲ್ಲಿ "ಒಬ್ಬ ಹೆಂಗಸು, ಒಂದು ಕಂಬಳಿ"
ಎಂದಷ್ಟೇ ಇದೆ. ಲೊರೇನ್ ಅದನ್ನು ಬಾಯಿಪಾಠ ಹೇಳಿದಳು.
ನಾನು ಗೇಣಿಪುಸ್ತಕದ ಕತೆ ಹೇಳಿದೆ.
"ಹಾಗಾದರೆ ಇಲ್ಲಿ ನನ್ನವರು ಯಾರು?"
ನಾನು ಕಾರು ತೆಗೆದೆ.

ಆ ಮನೆಯಲ್ಲೀಗ ಪೋಲೆಂಡಿನ ಕಾಶ್ಯಾ ಇದ್ದಾಳೆ,
ಆಡು ಸಾಕುತ್ತಾಳೆ, ಚೀಸ್ ಮಾಡಿ ಮಾರುತ್ತಾಳೆ.
ಲೊರೇನ್ ಒಲೆಯ ಕಲ್ಲಿನ ಮೇಲೆ ಅಂಗೈ ಇಟ್ಟಳು,
ಬಿಸಿಯಿತ್ತು, ತೆಗೆಯಲಿಲ್ಲ.
ಆಡೊಂದು ಅವಳ ಕೋಟಿನ ಅಂಚು ಜಗಿಯುತ್ತಿತ್ತು.
ನಾನು ಅಂದೇಬಿಟ್ಟೆ: ಹಳೆಯ ಲೆಕ್ಕದ ಪ್ರಕಾರ
ಈ ದ್ವೀಪದಲ್ಲಿ ಈಗ ಅಸಲು ಸ್ಕೆಲ್‌ಬಿಸ್ಟರ್
ನೀನೊಬ್ಬಳೇ, ಕಾಶ್ಯಾ.
ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. "ವಂತಿಗೆ ಎಷ್ಟು?"
ವರ್ಷಕ್ಕೆ ಎಂಟು ಪೌಂಡು. ಚಹಾ ಸೇರಿ.

ರಾತ್ರಿ ಅಡುಗೆಮೇಜಿನ ಮೇಲೆ ವಂಶವೃಕ್ಷ ಹರಡಿ
ನನ್ನ ಚುಕ್ಕೆಗೆರೆಯ ಪಕ್ಕ
ಪೆನ್ಸಿಲಿನಲ್ಲಿ ಇನ್ನೊಂದು ಚುಕ್ಕೆಗೆರೆ ಎಳೆದೆ,
ಮೇಲೆ, ಎಡಗಡೆ, ಆ ಕಂಬಳಿಯವಳಿಗೆ ಒಂದು.
ಅಡಿಪಟ್ಟಿ ಹುಡುಕಲಿಲ್ಲ. ಸ್ವಲ್ಪ ಸೊಟ್ಟಗಿವೆ.

ಸೆಪ್ಟೆಂಬರಿಗೆ ಇನ್ನೂ ಒಂಬತ್ತು ವಾರ.
ಕುರ್ಚಿ ಅರವತ್ತೊಂದು ಹೇಳಬೇಕು.
ಕಾಶ್ಯಾ ಚೀಸ್ ತರುತ್ತಾಳಂತೆ.
ಕಿಟಕಿಯ ಬದಿ ಕೂರುತ್ತಾಳೋ, ಈಚೆಯೋ,
ಯಾರು ಮುಟ್ಟುತ್ತಾರೋ, ನೋಡೋಣ.