ವ್ಯಾಪ್ತಿ

ಮೊದಲ ಪುಟಕ್ಕೆ ಒಂದೇ ವಾಕ್ಯ ಸಾಕು ಅಂದರು ಸಾಹೇಬರು:
ಎಲ್ಲಿಂದ, ಎಲ್ಲಿಗೆ, ಎಷ್ಟು ಅಗಲ.
ಬರೆದೆ. ಸುಂಕದಕಟ್ಟೆ ಬಸ್ ನಿಲ್ದಾಣದಿಂದ
ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನವರೆಗೆ,
ಮಧ್ಯರೇಖೆಯಿಂದ ಎರಡೂ ಬದಿಗೆ ಹದಿನೈದು ಮೀಟರು.

ಅಷ್ಟಕ್ಕೆ ಮೂರು ವಾರ ಬಿಸಿಲಲ್ಲಿ ನಡೆದಿದ್ದೇನೆ,
ಮುಂದೆ ಟೇಪಿನ ತುದಿ ಹಿಡಿದು ಚೌಡಪ್ಪ,
ಹಿಂದೆ ಹಳದಿ ಬಣ್ಣದ ಡಬ್ಬ ಹಿಡಿದು ನಾನು.
ಗೇಟು, ಟ್ರಾನ್ಸ್‌ಫಾರ್ಮರು, ಮುನೇಶ್ವರನ ಗುಡಿಯ ಮೆಟ್ಟಿಲು,
ಗೆರೆ ಎಲ್ಲಿ ಬೀಳಬೇಕೋ ಅಲ್ಲಿ ಬಿತ್ತು.
ಎರಡು ಮೆಟ್ಟಿಲು ಸರ್ಕಾರದ್ದು,
ಮೂರನೆಯದರಿಂದ ದೇವರದ್ದು.

ದಸ್ತಗೀರ್ ಸಾಬರ ಪಂಕ್ಚರ್ ಅಂಗಡಿಯ ಮುಂದೆ
ಟೇಪು ತಡವರಿಸಿತು.
ಕಂಪ್ರೆಸರು ಗೆರೆಯಾಚೆ, ಅವರದೇ ಜಾಗ;
ಪೈಪು ಮಾತ್ರ ಈಚೆ ಹರಿದು ಬಂದು
ಯಾರದೋ ಸ್ಕೂಟರಿನ ಚಕ್ರ ಕಚ್ಚಿಕೊಂಡಿತ್ತು.
“ಗಾಳಿ ಯಾರ ಲೆಕ್ಕಕ್ಕೆ, ಮೇಡಂ?”
ನಗಲಿಲ್ಲ ಅವರು.
ಬರೆದುಕೊಂಡೆ: ಚೈನೇಜ್ ೧೮೪೦, ಎಡಬದಿ, ಪೈಪು, ತಾತ್ಕಾಲಿಕ.
ಮೂವತ್ತೊಂದು ವರ್ಷದ ಅಂಗಡಿ.

ಎರಡನೆಯ ಪುಟವೇ ಉದ್ದ.
ಅದರ ತಲೆಬರಹ ‘ಒಳಗೊಂಡಿರುವುದಿಲ್ಲ’.
ಕೊಳವೆ ಜಲಮಂಡಳಿಗೆ, ಕೇಬಲ್ಲು ಬೆಸ್ಕಾಂಗೆ,
ಮರ ಅರಣ್ಯದವರಿಗೆ (ಮರವೆಂದರೆ ಒಂದೇ ಒಂದು ಹೊಂಗೆ),
ಮಳೆನೀರಿಗೆ ಬೇರೆ ಟೆಂಡರು, ಬೇರೆ ವರ್ಷ.
ಹಂಚಿ ಹಂಚಿ ಕೊನೆಗೆ ರಸ್ತೆಯ ಪಾಲಿಗೆ
ಐವತ್ತು ಮಿಲಿಮೀಟರು ಡಾಂಬರು ಉಳಿಯಿತು.

“ಇದೆಲ್ಲ ನೀರಿಗೆ ಗೊತ್ತಾ?”
ತಗ್ಗಿನಲ್ಲಿ ಕುಕ್ಕರುಗಾಲಲ್ಲಿ ಕೂತು ಚೌಡಪ್ಪ ಬೀಡಿ ಹಚ್ಚಿದ.
ಅವರಪ್ಪನ ಕಾಲಕ್ಕೆ ಕೆರೆ ಕೋಡಿ ಬಿದ್ದರೆ
ಇಲ್ಲೇ ಮೊಣಕಾಲುದ್ದ ಹರಿಯುತ್ತಿತ್ತಂತೆ.
ನಕಾಶೆಯಲ್ಲಿಲ್ಲ.
ಷರಾ ಕಾಲಮ್ಮಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆಯ ಗುರುತು ಹಾಕಿದೆ.
ಸಾಹೇಬರು ಅಳಿಸಿದರು.
ಒತ್ತಿ ಬರೆಯುವ ಚಾಳಿ ನನ್ನದು; ಅಚ್ಚು ಹಾಗೇ ಇದೆ.

ಸಂಜೆ ಆರೂವರೆ. ನನ್ನ ಬಸ್ಸು ಆಚೆ ಬದಿಗೆ.
ಗಾರ್ಮೆಂಟ್ಸ್ ಬಿಟ್ಟು ಬಂದ ಹುಡುಗಿಯೊಬ್ಬಳು
ಕೇಳದೆಯೇ ನನ್ನ ಮಣಿಕಟ್ಟು ಹಿಡಿದಳು.
ಅರ್ಧ ದಾಟಿ ನಿಂತೆವು, ಲಾರಿಗಳ ನಡುವೆ,
ಅವಳ ಐಡಿ ಕಾರ್ಡು ಗಾಳಿಗೆ ನನ್ನ ಕೆನ್ನೆಗೆ ಬಡಿಯುತ್ತ.
“ಅಕ್ಕಾ, ಅಳತೆ ಮಾಡ್ತಾ ಇದ್ರಲ್ಲ,
ಇಲ್ಲಿ ದಾಟೋಕೇನಾದ್ರೂ ಮಾಡ್ತಾರಂತಾ?”

ಎರಡೂ ಪುಟ ಮನಸ್ಸಲ್ಲೇ ತಿರುವಿದೆ.
ಸೇರಿದ್ದರಲ್ಲೂ ಇರಲಿಲ್ಲ ದಾಟುವುದು,
ಸೇರದ್ದರಲ್ಲೂ ಇರಲಿಲ್ಲ.
ಚಪ್ಪಲಿಯಡಿ ಒತ್ತುತ್ತಿತ್ತು, ನಾನೇ ಬಡಿಸಿದ ಮೊಳೆ:
ಸೊನ್ನೆ. ಎಲ್ಲ ಅಳತೆಯೂ ಇಲ್ಲಿಂದಲೇ.
ಆ ಕಡೆಗೆ ಹದಿನೈದು, ಈ ಕಡೆಗೆ ಹದಿನೈದು.

“ಈಗ” ಅಂದಳು ಅವಳು.
ಓಡಿದೆವು.